ಕನ್ಹೇರಿಯ ಗುಡ್ಡದಲ್ಲಿ ನೃಪತುಂಗ

ಕವಿರಾಜಮಾರ್ಗವನ್ನು ನಾವು ಓದುವುದು ಪರೀಕ್ಷೆಗಾಗಿ. ಶ್ರೀವಿಜಯ, ಅಮೋಘವರ್ಷ ನೃಪತುಂಗ, ಮಾನ್ಯಖೇಟ, ಕ್ರಿ.ಶ. 850ರ ಸುಮಾರು ಎಂದು ಬರೆದರೆ ಅಂಕ ಬಂತು. ಆ ನೃಪತುಂಗನ ಹೆಸರು ನಮ್ಮ ಬೋರಿವಲಿಯ ಗುಡ್ಡದ ಕಲ್ಲಿನಲ್ಲೇ ಇದೆ ಅಂದರೆ ಎಷ್ಟು ಜನ ನಂಬುತ್ತೀರಿ? ನಂಬದವರು ಒಂದು ರಜೆಯ ದಿನ ನನ್ನ ಜೊತೆ ಹೊರಡಿ.

ದೊಡ್ಡ ಬೆಟ್ಟಗಳೇನಲ್ಲ, ಮೂರು ಗುಡ್ಡ. ಬೆಳಿಗ್ಗೆ ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್: ಸುಮಾರು 200 ಅಡಿಯ, ಕಂಬಗಳನ್ನು ಒತ್ತಾಗಿ ನಿಲ್ಲಿಸಿದಂಥ ಕರಿಕಲ್ಲು. ಆರು ಕೋಟಿ ವರ್ಷಕ್ಕೂ ಹಿಂದೆ ಲಾವಾರಸ ತಣಿದು ಕುಗ್ಗುವಾಗ ಹೀಗೆ ಕಂಬಕಂಬವಾಗಿ ಸೀಳಿಕೊಂಡಿತು. ಮೇಲೆ ಗಾಂವದೇವಿಯ ಗುಡಿ. ಆಮೇಲೆ ಅಂಧೇರಿ ಪೂರ್ವಕ್ಕೆ ಬಂದರೆ ಮಹಾಕಾಳಿ ಗುಹೆಗಳ ಗುಡ್ಡ. ಇವೆರಡನ್ನೂ ಬೇಗ ಮುಗಿಸೋಣ. ಉಳಿದ ಹೊತ್ತೆಲ್ಲ ಕನ್ಹೇರಿಗೇ ಬೇಕು.

ಬೋರಿವಲಿಯಲ್ಲಿ ಇಳಿದು, ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಸುಮಾರು ಆರು ಕಿಲೋಮೀಟರು ಕಾಡಿನ ದಾರಿ. ಶಾಸನಗಳಲ್ಲಿ ಈ ಗುಡ್ಡದ ಹೆಸರು ಕೃಷ್ಣಗಿರಿ. ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಮಳೆನೀರು ಹಿಡಿಯಲು ತೊಟ್ಟಿಗಳು. ಇಲ್ಲಿ ಅಮೋಘವರ್ಷನ ಕಾಲದ ಮೂರು ಶಾಸನಗಳುಂಟು: ಶಕ 765, 775 ಮತ್ತು 799, ಅಂದರೆ ಕ್ರಿ.ಶ. 843ರಿಂದ 877ರ ಸುಮಾರಿನವರೆಗೆ. ಮೊದಲನೆಯದರಲ್ಲಿ ಕೊಂಕಣವಾಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿ, ಉಳಿದವುಗಳಲ್ಲಿ ಅವನ ಮಗ ಕಪರ್ದಿ. ಇಬ್ಬರೂ ನೃಪತುಂಗನ ಸಾಮಂತರು. ಗೌಡದೇಶದಿಂದ, ಎಂದರೆ ಬಂಗಾಳದ ಕಡೆಯಿಂದ, ಬಂದ ಅವಿಘ್ನಾಕರನೆಂಬ ಭಕ್ತ ಇಲ್ಲಿ 100 ದ್ರಮ್ಮ ದತ್ತಿಯಿಟ್ಟ. ಪುಲ್ಲಶಕ್ತಿಯ ಕಾಲದ ದತ್ತಿಯಲ್ಲಿ ಪುಸ್ತಕಕ್ಕೆಂದೇ ಹಣ ತೆಗೆದಿಟ್ಟಿದ್ದಾರೆ. (ನಮ್ಮ ಸಂಘದ ಖಜಾಂಚಿಗಳು ಗಮನಿಸಬೇಕು!)

ಆದರೆ ಇದನ್ನು ಕಂಡ ಕೂಡಲೇ "ಹಾಗಾದ್ರೆ ಮುಂಬಯಿ ಕನ್ನಡನಾಡೇ" ಅಂತ ಭಾಷಣ ಹೊಡೆಯಬೇಡಿ. ಶಾಸನಗಳ ಭಾಷೆ ಸಂಸ್ಕೃತ. ರಾಜನ ಆಳ್ವಿಕೆಯ ಎಲ್ಲೆ ಬೇರೆ, ಭಾಷೆಯ ಎಲ್ಲೆ ಬೇರೆ. ಕವಿರಾಜಮಾರ್ಗಕಾರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಾವೇರಿ ಗೋದಾವರಿಗಳ ನಡುವಿನ ನಾಡನ್ನು ಹೇಳಿದವನು, ಅದರೊಳಗೇ ಮತ್ತೆ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಕನ್ನಡದ ತಿರುಳನ್ನು ಗುರುತಿಸುತ್ತಾನೆ. ಈ ನಾಲ್ಕರಲ್ಲಿ ರಾಜಧಾನಿ ಮಾನ್ಯಖೇಟದ ಹೆಸರೇ ಇಲ್ಲ! ಆಸ್ಥಾನದ ಕವಿಯೊಬ್ಬ ಇಷ್ಟು ಧೈರ್ಯ ಮಾಡಿದ್ದು ಸಣ್ಣ ಮಾತಲ್ಲ. ಕೊಂಕಣದ ಕರಾವಳಿಯವರೆಗೆ ಹಬ್ಬಿದ್ದ ಆ ರಾಜ್ಯದ ಗಾತ್ರ ಕನ್ಹೇರಿಯ ಕಲ್ಲಿನ ಮುಂದೆ ನಿಂತಾಗ ತಿಳಿಯುತ್ತದೆ. ಅದರ ಜೊತೆಗೆ ಆ ಪದ್ಯಗಳ ತೂಕವೂ.

ಉದ್ಯಾನಕ್ಕೆ ಸೋಮವಾರ ರಜೆ. ಚಿರತೆಗಳಿರುವ ಕಾಡು, ಕತ್ತಲಾಗುವ ಮುಂಚೆ ಇಳಿಯಬೇಕು. ಬುತ್ತಿ, ನೀರು, ಟಾರ್ಚು ಇರಲಿ. ಕವಿರಾಜಮಾರ್ಗದ ಪ್ರತಿ ನಾನು ತರುತ್ತೇನೆ.