ಹೆದ್ದಾರಿಯಲ್ಲಿ ವೇಗದ ಅಳತೆ ಮತ್ತು ನಮ್ಮ ಹೊಣೆ

ನಮ್ಮ ಶಾಲೆಯ ಶೈಕ್ಷಣಿಕ ಪ್ರವಾಸವೊಂದರಲ್ಲಿ ನಡೆದ ಸಣ್ಣ ಘಟನೆಯೇ ಈ ಲೇಖನಕ್ಕೆ ಪ್ರೇರಣೆ. ಬೆಂಗಳೂರಿನ ಪ್ರೇಕ್ಷಣೀಯ ಸ್ಥಳಗಳನ್ನು ಮಕ್ಕಳಿಗೆ ತೋರಿಸಿ ಮೈಸೂರಿನತ್ತ ಹೊರಟಿದ್ದ ನಮ್ಮ ಬಾಡಿಗೆ ಬಸ್ಸನ್ನು ಹೆದ್ದಾರಿಯ ಪೊಲೀಸರು ಕೈಯೆತ್ತಿ ನಿಲ್ಲಿಸಿದರು. ಬಸ್ಸಿಗೆ ನಿಗದಿಯಾದ ಮಿತಿಯನ್ನು ಮೀರಿ ಬಂದಿರುವಿರೆಂದು ಹೇಳಿ, ಅಧಿಕಾರಿಯೊಬ್ಬರು ತಮ್ಮ ಕೈಯಲ್ಲಿದ್ದ ಉಪಕರಣದ ಪರದೆಯನ್ನು ಚಾಲಕನಿಗೆ ತೋರಿಸಿದರು. ನಾನು ಕೆಳಗಿಳಿದು, “ಸ್ವಾಮಿ, ಇದು ಶಾಲೆಯ ಪ್ರವಾಸ, ಒಳಗೆ ಮಕ್ಕಳಿದ್ದಾರೆ, ದಯವಿಟ್ಟು ಬಿಟ್ಟುಬಿಡಿ” ಎಂದು ಕೇಳಿಕೊಂಡೆ. ಅವರು ಶಾಂತವಾಗಿಯೇ, “ಮಕ್ಕಳಿದ್ದಾರೆ ಅಂತಲೇ ನಿಲ್ಲಿಸಿದ್ದು, ಮೇಷ್ಟ್ರೇ” ಎಂದರು. ದಂಡ ಕಟ್ಟಿ ಬಸ್ಸು ಮುಂದೆ ಹೊರಟ ಮೇಲೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ, “ಗುರುಗಳೇ, ಅಷ್ಟು ದೂರ ನಿಂತಿದ್ದವರಿಗೆ ನಮ್ಮ ಬಸ್ಸಿನ ವೇಗ ಹೇಗೆ ತಿಳಿಯಿತು?” ಎಂದು ಕೇಳಿದ. ಅಂದು ಬಸ್ಸಿನಲ್ಲಿ ಅವನಿಗೆ ಹೇಳಿದ ಪಾಠವನ್ನೇ ಇಲ್ಲಿ ವಿಸ್ತರಿಸಿ, ಅಂದು ಹೇಳದೆ ಉಳಿದ ಇನ್ನೊಂದು ಪಾಠವನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ಕಣ್ಣಂದಾಜಿನಿಂದ ಗಡಿಯಾರಕ್ಕೆ

ಕ್ರಮಿಸಿದ ದೂರವನ್ನು ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿದರೆ ವೇಗ ದೊರೆಯುತ್ತದೆಂಬುದು ಪ್ರೌಢಶಾಲೆಯ ಮೊದಲ ಪಾಠಗಳಲ್ಲೊಂದು. ವೇಗವಾಗಿ ಓಡಿಸಿದ್ದಕ್ಕಾಗಿ ಮೋಟಾರು ವಾಹನದ ಚಾಲಕನಿಗೆ ದಂಡ ವಿಧಿಸಿದ ಮೊದಲ ಪ್ರಕರಣವೆಂದು ಸಾಮಾನ್ಯವಾಗಿ ಹೇಳಲಾಗುವುದು ಇಂಗ್ಲೆಂಡಿನಲ್ಲಿ 1896ರ ಜನವರಿಯಲ್ಲಿ ನಡೆಯಿತು. ಕೆಂಟ್ ಪ್ರಾಂತದ ಪ್ಯಾಡಕ್ ವುಡ್ ಎಂಬಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬಾತ, ಗಂಟೆಗೆ 2 ಮೈಲಿಯ ಮಿತಿಯಿದ್ದ ಊರೊಳಗಿನ ದಾರಿಯಲ್ಲಿ 8 ಮೈಲಿಯ ವೇಗದಿಂದ ಸಾಗಿದನು. ಪೊಲೀಸ್ ಪೇದೆಯೊಬ್ಬ ಬೈಸಿಕಲ್ ಏರಿ, ಬೆನ್ನಟ್ಟಿ ಅವನನ್ನು ಹಿಡಿದನು. ಇಂದು ನಗು ತರಿಸುವ ಸಂಗತಿಯಾದರೂ, ಅಂದಿನಿಂದ ಇಂದಿನವರೆಗೆ ಪೊಲೀಸರ ಮುಂದಿರುವ ಪ್ರಶ್ನೆ ಒಂದೇ: ವೇಗವನ್ನು ಅಳೆಯುವುದು ಹೇಗೆ, ಮತ್ತು ಆ ಅಳತೆಯನ್ನು ನ್ಯಾಯಾಲಯ ನಂಬುವಂತೆ ಮಾಡುವುದು ಹೇಗೆ?

ಹಳೆಯ ಕ್ರಮ ಸರಳವಾದುದು. ರಸ್ತೆಯಲ್ಲಿ 200 ಮೀಟರು ಅಂತರದಲ್ಲಿ ಎರಡು ಗೆರೆಗಳನ್ನು ಗುರುತಿಸಿ, ವಾಹನವು ಮೊದಲ ಗೆರೆಯನ್ನು ದಾಟಿದಾಗ ಗಡಿಯಾರವನ್ನು ಚಾಲೂ ಮಾಡಿ, ಎರಡನೆಯದನ್ನು ದಾಟಿದಾಗ ನಿಲ್ಲಿಸುವುದು. 7.2 ಸೆಕೆಂಡು ಹಿಡಿದರೆ ವೇಗವು ಗಂಟೆಗೆ 100 ಕಿಲೋಮೀಟರು. ಆದರೆ ಗುಂಡಿಯನ್ನು ಒತ್ತುವ ಬೆರಳು ಅರ್ಧ ಸೆಕೆಂಡು ತಪ್ಪಿದರೂ ಉತ್ತರವು ಒಮ್ಮೆ 107 ಎಂದೂ ಮತ್ತೊಮ್ಮೆ 94 ಎಂದೂ ಬಂದೀತು. ನಿರಪರಾಧಿ ಸಿಕ್ಕಿಬೀಳುವುದಕ್ಕೂ ಅಪರಾಧಿ ಪಾರಾಗುವುದಕ್ಕೂ ಈ ಅರ್ಧ ಸೆಕೆಂಡೇ ಸಾಕು.

ಆದುದರಿಂದಲೇ ನಮ್ಮ ದೇಶದ 1988ರ ಮೋಟಾರು ವಾಹನಗಳ ಅಧಿನಿಯಮವು ಒಂದು ವಿವೇಕದ ಮಾತನ್ನು ಹೇಳಿದೆ. ಅದರ 183ನೆಯ ಪ್ರಕರಣದ ಮೂರನೆಯ ಉಪಪ್ರಕರಣದಂತೆ, ‘ಇವನು ಮಿತಿಮೀರಿದ ವೇಗದಲ್ಲಿದ್ದನೆಂದು ನನಗೆ ತೋರಿತು’ ಎಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸುವಂತಿಲ್ಲ. ಆ ಅಭಿಪ್ರಾಯವು ಉಪಕರಣವೊಂದರ ಅಳತೆಯನ್ನು ಆಧರಿಸಿರಬೇಕು. ಪೊಲೀಸರ ಕೈಯಲ್ಲಿ ಯಂತ್ರವಿರುವುದು ಚಾಲಕನನ್ನು ಹಿಡಿಯಲು ಮಾತ್ರವಲ್ಲ, ಪೊಲೀಸರ ಕಣ್ಣಂದಾಜಿನಿಂದ ಚಾಲಕನನ್ನು ರಕ್ಷಿಸಲೂ ಹೌದು.

ಅಲೆಯೂ ಬೆಳಕೂ ಅಳತೆಗೋಲಾದ ಬಗೆ

ರೈಲು ನಿಲ್ದಾಣದಲ್ಲಿ ನಿಂತವರಿಗೆ, ನಿಲ್ಲದೆ ಸಾಗುವ ರೈಲಿನ ಸಿಳ್ಳು ಹತ್ತಿರ ಬರುವಾಗ ಏರುಸ್ವರದಲ್ಲಿಯೂ ದಾಟಿ ಹೋದೊಡನೆ ಇಳಿಸ್ವರದಲ್ಲಿಯೂ ಕೇಳಿಸುತ್ತದೆ. ಸಿಳ್ಳು ಬದಲಾಗಲಿಲ್ಲ, ಚಲನೆಯಿಂದಾಗಿ ಕಿವಿಗೆ ತಲಪುವ ಅಲೆಗಳ ಸಂಖ್ಯೆ ಬದಲಾಯಿತು. ಈ ತತ್ತ್ವವನ್ನು ಆಸ್ಟ್ರಿಯಾದ ಭೌತವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಮಂಡಿಸಿದನು. ಪೊಲೀಸರ ರೇಡಾರ್ ಉಪಕರಣವು ಇದನ್ನೇ ಬಳಸುತ್ತದೆ. ಸೆಕೆಂಡಿಗೆ ಸುಮಾರು 2,400 ಕೋಟಿ ಕಂಪನಗಳುಳ್ಳ ಅಲೆಯನ್ನು ಅದು ವಾಹನದತ್ತ ಕಳುಹಿಸುತ್ತದೆ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಎದುರಾಗಿ ಬರುತ್ತಿರುವ ವಾಹನಕ್ಕೆ ತಾಗಿ ಮರಳುವ ಅಲೆಯಲ್ಲಿ ಸೆಕೆಂಡಿಗೆ ಸುಮಾರು 4,450 ಕಂಪನಗಳು ಹೆಚ್ಚಾಗಿರುತ್ತವೆ. ಆ ವ್ಯತ್ಯಾಸವನ್ನು ಎಣಿಸಿ, ವೇಗವನ್ನು ಲೆಕ್ಕಹಾಕಿ, ಉಪಕರಣವು ಕ್ಷಣಮಾತ್ರದಲ್ಲಿ ತೋರಿಸುತ್ತದೆ.

ಲೇಸರ್ ಉಪಕರಣದ ಮಾರ್ಗ ಬೇರೆ. ಅದು ಕಣ್ಣಿಗೆ ಕಾಣದ ಅತಿರಕ್ತ ಬೆಳಕಿನ ಮಿಡಿತಗಳನ್ನು ಸಾಲಾಗಿ ಕಳುಹಿಸಿ, ಪ್ರತಿಯೊಂದು ಮಿಡಿತವೂ ಹೋಗಿ ಬರಲು ಹಿಡಿದ ಕಾಲದಿಂದ ವಾಹನದ ದೂರವನ್ನು ಕಂಡುಕೊಳ್ಳುತ್ತದೆ. 300 ಮೀಟರು ದೂರದ ವಾಹನವನ್ನು ಮುಟ್ಟಿ ಮರಳಲು ಬೆಳಕಿಗೆ ಬೇಕಾದುದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು ಮಾತ್ರ. ದೂರವು ಎಷ್ಟು ಬೇಗ ಕಡಮೆಯಾಗುತ್ತಿದೆ ಎಂಬುದರಿಂದ ವೇಗ ತಿಳಿಯುತ್ತದೆ. ಇದರ ಕಿರಣವು ಕಿರಿದಾದುದರಿಂದ ಹಲವು ವಾಹನಗಳ ನಡುವೆಯೂ ಒಂದನ್ನೇ ಆರಿಸಿ ಅಳೆಯಬಹುದು.

ಉಪಕರಣ ಹಿಡಿದವರು ರಸ್ತೆಯ ಬದಿಯಲ್ಲಿ ಓರೆಯಾಗಿ ನಿಂತರೆ ತಪ್ಪು ಅಳತೆ ಬಾರದೇ ಎಂದು ಕೆಲವರು ಕೇಳುವುದುಂಟು. ಬರುತ್ತದೆ, ಆದರೆ ಅದು ಚಾಲಕನಿಗೆ ಅನುಕೂಲವಾದ ತಪ್ಪು. ತನ್ನತ್ತ ನೇರವಾಗಿ ಬರುವ ಚಲನೆಯ ಭಾಗವನ್ನು ಮಾತ್ರ ಉಪಕರಣವು ಗ್ರಹಿಸುವುದರಿಂದ, 10 ಡಿಗ್ರಿಯ ಓರೆಯಿದ್ದಾಗ 100 ಕಿಲೋಮೀಟರು ವೇಗವು 98.5 ಎಂದು ಕಾಣುತ್ತದೆ.

ಇನ್ನು ಕ್ಯಾಮರಾಗಳ ವಿಷಯ. ಈ ವಿದ್ಯೆಯ ಮೂಲಪುರುಷರಲ್ಲಿ ಒಬ್ಬನು ಹಾಲೆಂಡಿನ ಮೋರಿಸ್ ಗಾತ್ಸೊನಿಡೆಸ್. ಈತ 1953ರ ಮಾಂಟೆ ಕಾರ್ಲೊ ಕಾರು ಸ್ಪರ್ಧೆಯಲ್ಲಿ ಗೆದ್ದ ವೇಗದ ಸಾಹಸಿ. ತಿರುವುಗಳಲ್ಲಿ ತನ್ನ ವೇಗವನ್ನು ಹೆಚ್ಚಿಸಿಕೊಳ್ಳಲೆಂದು ರೂಪಿಸಿದ ಮಾಪನ ಸಾಧನವೇ ಮುಂದೆ ಬೆಳೆದು, ಲೋಕದ ಚಾಲಕರ ವೇಗಕ್ಕೆ ಕಡಿವಾಣ ಹಾಕುವ ಕ್ಯಾಮರಾ ಆಯಿತು.

ಒಂದೇ ಕಡೆ ಕ್ಯಾಮರಾ ಇದ್ದರೆ ಅದರ ಮುಂದೆ ನಿಧಾನಿಸಿ, ದಾಟಿದೊಡನೆ ಮತ್ತೆ ಧಾವಿಸುವವರಿದ್ದಾರೆ. ಇದಕ್ಕೆ ಪರಿಹಾರವಾಗಿ ಬಂದುದು ಸರಾಸರಿ ವೇಗದ ಕ್ರಮ. 20 ಕಿಲೋಮೀಟರು ಅಂತರದ ಎರಡು ಕಡೆಗಳಲ್ಲಿ ಕ್ಯಾಮರಾಗಳು ವಾಹನದ ನೋಂದಣಿ ಸಂಖ್ಯೆಯನ್ನೂ ಹೊತ್ತನ್ನೂ ದಾಖಲಿಸುತ್ತವೆ ಎಂದುಕೊಳ್ಳೋಣ. ಮಿತಿಯು 100 ಕಿಲೋಮೀಟರು ಇದ್ದಲ್ಲಿ ಆ ದೂರಕ್ಕೆ 12 ನಿಮಿಷ ಹಿಡಿಯಬೇಕು. 10 ನಿಮಿಷದಲ್ಲಿ ತಲಪಿದವನ ಸರಾಸರಿ ವೇಗ 120. ಇಲ್ಲಿ ಚಾಲಕನ ಅವಸರವೇ ಅವನ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿ

ನಮ್ಮ ಬಸ್ಸು ಸಿಕ್ಕಿಬಿದ್ದ ಹೆದ್ದಾರಿಯೇ ಇದಕ್ಕೆ ಉತ್ತಮ ನಿದರ್ಶನ. ಸುಮಾರು 118 ಕಿಲೋಮೀಟರು ಉದ್ದದ ಈ ಹೊಸ ಮಾರ್ಗವು 2023ರ ಮಾರ್ಚ್ ತಿಂಗಳಿನಲ್ಲಿ ಉದ್ಘಾಟನೆಗೊಂಡಿತು. ನುಣುಪಾದ ನೇರದಾರಿ ದೊರೆತೊಡನೆ ವೇಗವು ಏರಿತು, ಅದರ ಬೆನ್ನಿಗೇ ಅಪಘಾತಗಳೂ ಬಂದವು. ಅದೇ ವರ್ಷದ ಜುಲೈನಲ್ಲಿ ಪೊಲೀಸರು ವೇಗಮಾಪಕ ಉಪಕರಣಗಳೊಡನೆ ಅಲ್ಲಿ ನಿಂತರು. 100 ಕಿಲೋಮೀಟರಿನ ಮಿತಿಯನ್ನು ಮೀರಿದವರಿಗೆ ದಂಡ ಬೀಳತೊಡಗಿತು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳನ್ನು ಮುಖ್ಯ ಮಾರ್ಗದಿಂದ ಹೊರಗಿಡಲಾಯಿತು. 2024ರಲ್ಲಿ ಅಲ್ಲಿ ತಾನಾಗಿಯೇ ವಾಹನವನ್ನು ಗುರುತಿಸುವ ಕ್ಯಾಮರಾಗಳು ಕೆಲಸಕ್ಕೆ ತೊಡಗಿದವು. ಅದೇ ವರ್ಷದ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಕಿಲೋಮೀಟರಿಗಿಂತ ಮಿಗಿಲಾದ ವೇಗದಲ್ಲಿ ಓಡಿಸುವವರ ಮೇಲೆ ದಂಡವಷ್ಟೇ ಅಲ್ಲದೆ ಅಪಾಯಕಾರಿ ಚಾಲನೆಯ ಮೊಕದ್ದಮೆಯನ್ನೂ ಹೂಡುವುದಾಗಿ ಪೊಲೀಸ್ ಇಲಾಖೆ ಪ್ರಕಟಿಸಿತು.

ಹಿಡಿಯುವುದು ಏತಕ್ಕೆ?

ದಂಡದ ಹಣಕ್ಕಾಗಿಯೇ ಈ ಹಿಡಿಯಾಟ ಎಂಬ ಮಾತು ಬಸ್ಸಿನಲ್ಲಿಯೂ ಚಹದ ಅಂಗಡಿಯಲ್ಲಿಯೂ ಕೇಳಿಬರುತ್ತದೆ. ಇದಕ್ಕೆ ಉತ್ತರವನ್ನು ಗಣಿತದಿಂದಲೇ ಹೇಳಬಹುದು.

ಅಡ್ಡಿಯೊಂದು ಕಣ್ಣಿಗೆ ಬಿದ್ದು, ಕಾಲು ಬ್ರೇಕನ್ನು ಒತ್ತುವುದಕ್ಕೆ ಎಚ್ಚರದ ಚಾಲಕನಿಗೂ ಒಂದು ಸೆಕೆಂಡಾದರೂ ಬೇಕು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಆ ಒಂದು ಸೆಕೆಂಡಿಗೆ ಕಾರು ಸುಮಾರು 28 ಮೀಟರು ಸಾಗಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದ ಬಳಿಕ ನಿಲ್ಲಲು ಇನ್ನೂ ಸುಮಾರು 55 ಮೀಟರು ಬೇಕು; ಒಟ್ಟು 83 ಮೀಟರು. ಈಗ ಇದೇ ಕಾರಿನ ಪಕ್ಕದಲ್ಲಿ 120 ಕಿಲೋಮೀಟರು ವೇಗದ ಇನ್ನೊಂದು ಕಾರು ಬರುತ್ತಿದೆಯೆಂದೂ, 83 ಮೀಟರು ಮುಂದೆ ಮುದುಕಿಯೊಬ್ಬಳು ರಸ್ತೆ ದಾಟುತ್ತಿದ್ದಾಳೆಂದೂ ಭಾವಿಸೋಣ. ಇಬ್ಬರು ಚಾಲಕರೂ ಒಂದೇ ಕ್ಷಣದಲ್ಲಿ ಆಕೆಯನ್ನು ಕಂಡರು. ಇಬ್ಬರ ಬ್ರೇಕುಗಳೂ ಸಮಾನವಾಗಿವೆ. ಮೊದಲ ಕಾರು ಆಕೆಯ ಬಳಿ ಬಂದು ನಿಲ್ಲುತ್ತದೆ. ಎರಡನೆಯದು ಆಕೆಯನ್ನು ತಲಪುವಾಗ ಅದರ ವೇಗವು ಗಂಟೆಗೆ ಸುಮಾರು 73 ಕಿಲೋಮೀಟರು! ಬೇಕಾದವರು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಬಹುದು. ಬ್ರೇಕು ಹಿಡಿದಾಗ ವೇಗವು ಸೆಕೆಂಡಿಗೆ 7 ಮೀಟರಿನಂತೆ ಇಳಿಯುವುದೆಂದು ಇಲ್ಲಿ ಇಟ್ಟುಕೊಂಡಿದೆ. ವೇಗ ಹೆಚ್ಚಿದ್ದು ಐದರಲ್ಲಿ ಒಂದು ಪಾಲು. ಆದರೆ ಚಲನಶಕ್ತಿಯು ವೇಗದ ವರ್ಗದಂತೆ ಬೆಳೆಯುವುದರಿಂದ ಅದು ನೂರಕ್ಕೆ 44ರಷ್ಟು ಹೆಚ್ಚಿತು. ಒಂದು ಕಾರಿನವನಿಗೆ ಎದೆಬಡಿತ, ಇನ್ನೊಂದರ ಮುಂದಿದ್ದವಳಿಗೆ ಮರಣ.

ಇಷ್ಟಕ್ಕೂ ಗಳಿಸಿದ್ದೇನು? ಬೆಂಗಳೂರಿನಿಂದ ಮೈಸೂರಿನವರೆಗೂ ಎಲ್ಲಿಯೂ ನಿಲ್ಲದೆ 120ರಲ್ಲಿ ಓಡಿಸಿದರೂ, 100ರಲ್ಲಿ ಓಡಿಸಿದವನಿಗಿಂತ ಸುಮಾರು 12 ನಿಮಿಷ ಮುಂಚಿತವಾಗಿ ತಲಪಿದಂತಾಯಿತು, ಅಷ್ಟೆ.

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಮಡಿದರು. ಅವರಲ್ಲಿ ನೂರಕ್ಕೆ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಮಡಿದವರಲ್ಲಿ 32,825 ಜನರು ಕಾಲ್ನಡಿಗೆಯವರು. ಅವರು ಯಾವ ವೇಗವನ್ನೂ ಬಯಸಿದವರಲ್ಲ. ಹಾಲಿನ ಡೇರಿಗೋ ಹೊಲಕ್ಕೋ ಶಾಲೆಗೋ ಹೊರಟವರು. ಪೊಲೀಸರ ಉಪಕರಣವು ಚಾಲಕನತ್ತ ಮುಖ ಮಾಡಿದ್ದರೂ ಅದು ಕಾಯುತ್ತಿರುವುದು ಇಂಥವರನ್ನು.

ಹಾಗೆಂದು ಪೊಲೀಸರಿಗೆ ಕಟ್ಟುಪಾಡುಗಳಿಲ್ಲವೆಂದಲ್ಲ. 2019ರ ತಿದ್ದುಪಡಿಯು ವಿದ್ಯುನ್ಮಾನ ಉಪಕರಣಗಳ ಮೂಲಕ ರಸ್ತೆಯ ನಿಗಾ ವಹಿಸಲು ಅವಕಾಶ ಕೊಟ್ಟಿತು. ಅದರಂತೆ 2021ರಲ್ಲಿ ಬಂದ ನಿಯಮಗಳು, ಉಪಕರಣದ ನಿಖರತೆಯ ಬಗ್ಗೆ ಪ್ರತಿವರ್ಷವೂ ನವೀಕರಿಸಿದ ಪ್ರಮಾಣಪತ್ರವಿರಬೇಕೆಂದೂ, ಇಲ್ಲಿ ನಿಗಾ ಇದೆಯೆಂಬ ಫಲಕವು ಪ್ರಯಾಣಿಕರಿಗೆ ಕಾಣುವಂತಿರಬೇಕೆಂದೂ ವಿಧಿಸಿದವು. ಮುಂದಾಗಿ ತಿಳಿಸಿಯೇ ಅಳೆಯುವುದರ ಉದ್ದೇಶವು ಸ್ಪಷ್ಟವಾಗಿದೆ: ಸಿಕ್ಕಿಬೀಳುವವರ ಸಂಖ್ಯೆ ಹೆಚ್ಚುವುದಲ್ಲ, ನಿಧಾನಿಸುವವರ ಸಂಖ್ಯೆ ಹೆಚ್ಚುವುದೇ ಅದರ ಸಾರ್ಥಕ್ಯ.

ಹೇಳದೆ ಉಳಿದ ಪಾಠ

ಅಂದು ದಂಡ ಕಟ್ಟಿ ಬಂದು ಕುಳಿತ ಚಾಲಕನು ನನ್ನ ಕಡೆ ತಿರುಗಿ ಮೆಲ್ಲಗೆ ಒಂದು ಮಾತು ಹೇಳಿದ್ದನು: “ಹನ್ನೆರಡೂವರೆಗೆ ಮಠದ ದಾಸೋಹಕ್ಕೆ ಮುಟ್ಟಲೇಬೇಕು ಅಂತ ತಾವೇ ಹೇಳಿದ್ರಲ್ಲ, ಸಾರ್.” ನಾನು ಉತ್ತರಿಸಲಿಲ್ಲ. ಬೆಳಿಗ್ಗೆ ಹೊರಡುವಾಗ ತಡವಾಗಿದ್ದುದು ನಮ್ಮಿಂದ. ಆ ತಡವನ್ನು ರಸ್ತೆಯ ಮೇಲೆ ತುಂಬಿಕೊಡೆಂದು ಅವನಿಗೆ ವಿಧಿಸಿದ್ದವನು ನಾನು.

ಊರಿಗೆ ಮರಳಿದ ಮೇಲೆ ಅದೇ 183ನೆಯ ಪ್ರಕರಣವನ್ನು ಪೂರ್ತಿಯಾಗಿ ಓದಿದೆನು. ತನ್ನ ಅಧೀನದಲ್ಲಿರುವವನಿಂದ ಮಿತಿಮೀರಿದ ವೇಗದಲ್ಲಿ ವಾಹನವನ್ನು ಓಡಿಸಿದವನೂ ದಂಡಾರ್ಹನೆಂದು ಅಲ್ಲಿ ಇದೆ. ಅಷ್ಟೇ ಅಲ್ಲ, ವೇಗಮಿತಿಯನ್ನು ಮೀರದೆ ಪೂರೈಸಲಾಗದಂತಹ ವೇಳಾಪಟ್ಟಿಯನ್ನು ಪ್ರಕಟಿಸುವುದು ಅಥವಾ ಇಂತಿಷ್ಟು ಹೊತ್ತಿಗೆ ಮುಟ್ಟಬೇಕೆಂದು ಹಾಗೆ ನಿರ್ದೇಶಿಸುವುದು, ಅಪ್ಪಣೆ ಕೊಟ್ಟವನ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಅಂದು ದಂಡದ ಚೀಟಿಯಲ್ಲಿ ಚಾಲಕನ ಹೆಸರು ಮಾತ್ರ ಇದ್ದಿತು. ನ್ಯಾಯವಾಗಿ ನೋಡಿದರೆ ನನ್ನ ಹೆಸರೂ ಇರಬೇಕಾಗಿತ್ತು. ಆ ದಂಡದ ಹಣವನ್ನು ಚಾಲಕನಿಗೆ ಮರಳಿ ಕೊಟ್ಟೆನಾದರೂ ಅದರಿಂದ ಲೆಕ್ಕ ಚುಕ್ತಾ ಆಯಿತೆಂದು ನಾನು ಎಣಿಸಿಲ್ಲ.

ಆ ಬಳಿಕ ನಮ್ಮ ಪ್ರವಾಸದ ಯೋಜನೆಯಲ್ಲಿ ಕೆಲವು ಮಾರ್ಪಾಡುಗಳಾಗಿವೆ. ಊಟದ ಹೊತ್ತನ್ನು ಗಡಿಯಾರಕ್ಕೆ ಕಟ್ಟದೆ, ಬಸ್ಸು ಬಂದ ಮೇಲೆ ಪಂಕ್ತಿ ಎಂದು ಮೊದಲೇ ತಿಳಿಸುತ್ತೇವೆ. ದಿನಕ್ಕೆ ನೋಡಬೇಕಾದ ಸ್ಥಳಗಳಲ್ಲಿ ಒಂದನ್ನು ಕಡಮೆ ಮಾಡಿದ್ದೇವೆ. ಚಾಲಕನ ಪಕ್ಕದಲ್ಲಿ ಕುಳಿತ ಅಧ್ಯಾಪಕರು ‘ಸ್ವಲ್ಪ ಬೇಗ’ ಎನ್ನಕೂಡದೆಂಬುದು ಈಗ ನಮ್ಮಲ್ಲಿ ನಿಯಮ. ಶಾಲೆಗೆ ವಾಹನಗಳನ್ನು ದಾನವಾಗಿ ಕೊಡಿಸುವ ಮಹನೀಯರಲ್ಲಿಯೂ, ಸ್ವಂತ ವಾಹನಗಳಲ್ಲಿ ಉತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹವಿಷ್ಟೇ: ಕಾರ್ಯಕ್ರಮಕ್ಕೆ ಅರ್ಧ ಗಂಟೆ ತಡವಾದರೆ ಸಭೆ ಕಾಯುತ್ತದೆ, ದಾರಿಯಲ್ಲಿ ಕೆಡುವ ಜೀವಕ್ಕೆ ಯಾವ ಸಭೆಯೂ ಪರಿಹಾರ ಕೊಡಲಾರದು.

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಅಂಬಿಗರ ಚೌಡಯ್ಯನವರು ತಮ್ಮ ಕಾಯಕದ ಹೆಸರಿನಿಂದಲೇ ಪ್ರಸಿದ್ಧರಾದರು. ದೋಣಿಯನ್ನು ಏರಿದವರನ್ನು ಆಚೆಯ ದಡಕ್ಕೆ ಕ್ಷೇಮವಾಗಿ ಮುಟ್ಟಿಸುವುದೇ ಅಂಬಿಗನ ಕಾಯಕ. ಇಂದಿನ ಹೆದ್ದಾರಿಯ ಚಾಲಕನದೂ ಅದೇ ಕಾಯಕ. ಅದನ್ನು ಕೆಡದಂತೆ ಕಾಯುವುದು ಉಪಕರಣ ಹಿಡಿದು ಬಿಸಿಲಿನಲ್ಲಿ ನಿಂತ ಪೊಲೀಸರ ಕಾಯಕ. ಇವರಿಬ್ಬರ ಕಾಯಕಕ್ಕೂ ನಮ್ಮ ಅವಸರವು ಅಡ್ಡಬಾರದಂತೆ ನೋಡಿಕೊಳ್ಳುವುದು ಒಳಗೆ ಕುಳಿತ ನಮ್ಮೆಲ್ಲರ ಹೊಣೆ.