ಹಗ್ಗವೋ, ಹಾವೋ? – ಟಾರ್ಚ್ ಆರಿಸುವ ವಿಜ್ಞಾನ



ಮಳೆಗಾಲದ ಒಂದು ರಾತ್ರಿ. ಊಟ ಮುಗಿದಿದೆ. ಜೋರಾಗಿ ಗಾಳಿ ಬೀಸಿತು, ಕರೆಂಟು ಹೋಯಿತು. ನೀವು ಮನೆಯ ಹಿಂದಿರುವ ಬಚ್ಚಲಿಗೆ ಹೋಗಬೇಕು. "ಬ್ಯಾಟ್ರಿ ತಗೊಂಡು ಹೋಗು ಮಗಾ" ಎನ್ನುತ್ತಾರೆ ಅಜ್ಜಿ. ಬಾಗಿಲು ತೆರೆದು ನಾಲ್ಕು ಹೆಜ್ಜೆ ಇಟ್ಟಿದ್ದೀರಿ. ದಾರಿಗೆ ಅಡ್ಡಲಾಗಿ ಉದ್ದನೆಯದೇನೋ ಬಿದ್ದಿದೆ. ಹಸು ಕಟ್ಟುವ ಹಗ್ಗವೋ? ಹಾವೋ?

ಹಗ್ಗವನ್ನು ಹಾವೆಂದು ತಿಳಿದು ಹೆದರಿದವರ ಕಥೆ ಕೇಳಿ ನಾವು ನಗುತ್ತೇವೆ. ಹಾವನ್ನು ಹಗ್ಗವೆಂದು ತಿಳಿದು ತುಳಿದರೆ ಅದು ನಗುವ ವಿಷಯವಲ್ಲ. ಇವೆರಡರ ನಡುವಿನ ವ್ಯತ್ಯಾಸವನ್ನು ಹೇಳಬೇಕಾದದ್ದು ನಿಮ್ಮ ಕೈಯಲ್ಲಿರುವ ಟಾರ್ಚ್. ಹಾಗಾದರೆ ಮನೆಗೆ ಎಂಥ ಟಾರ್ಚ್ ಬೇಕು? ಅಂಗಡಿಯಲ್ಲಿ ಎಲ್ಲಕ್ಕಿಂತ ಪ್ರಖರವಾದದ್ದೇ ಒಳ್ಳೆಯದೇ? ಬನ್ನಿ, ನೋಡೋಣ.

ಸರ್ಜಾಪುರದ ಕತ್ತಲೆ

ಸರ್ಜಾಪುರ ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನಲ್ಲಿದೆ. ಬೆಂಗಳೂರಿನಿಂದ ಸರ್ಜಾಪುರ ರಸ್ತೆಯಲ್ಲಿ ಬಂದರೆ ಒಂದು ಕಡೆ ಎತ್ತರದ ಅಪಾರ್ಟ್‌ಮೆಂಟುಗಳು, ಇನ್ನೊಂದು ಕಡೆ ರಾಗಿ ಹೊಲ, ನೀಲಗಿರಿ ತೋಪು, ಕೆರೆ ಕಾಣುತ್ತವೆ. ಮನೆ ಕಟ್ಟುವ ಜಾಗಗಳಲ್ಲಿ ಇಟ್ಟಿಗೆ, ಜಲ್ಲಿ, ಕಲ್ಲುಚಪ್ಪಡಿಗಳ ರಾಶಿ. ಖಾಲಿ ಸೈಟುಗಳಲ್ಲಿ ಪೊದೆ, ಕಸ. ಕಸವಿದ್ದಲ್ಲಿ ಇಲಿ ಬರುತ್ತದೆ. ಇಲಿಯನ್ನು ಹುಡುಕಿಕೊಂಡು ಹಾವು ಬರುತ್ತದೆ.

ನಮ್ಮ ಕಡೆ ಸಿಗುವ ವಿಷದ ಹಾವುಗಳಲ್ಲಿ ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಮುಖ್ಯವಾದವು. ಕೊಳಕುಮಂಡಲದ ಮೈ ಕಂದು ಬಣ್ಣ, ಅದರ ಮೇಲೆ ಗಾಢ ಬಣ್ಣದ ಮಚ್ಚೆಗಳು. ಒಣಗಿದ ಎಲೆಗಳ ನಡುವೆ ಅಲುಗಾಡದೆ ಮಲಗಿದ್ದರೆ ಹಗಲಿನಲ್ಲಿಯೂ ಸುಲಭವಾಗಿ ಕಾಣದು. ಕಟ್ಟುಹಾವು ರಾತ್ರಿ ಓಡಾಡುವ ಹಾವು.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತಿದ್ದಾರೆ. ಅಂದರೆ ವರ್ಷಕ್ಕೆ ಸರಾಸರಿ 58,000 ಜನ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ, ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಕಾಲಿಡುವ ಜಾಗವನ್ನು ನೋಡಿ ಕಾಲಿಡುವುದು ಎಷ್ಟು ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಟಾರ್ಚಿನ ಒಳಗೆ ಏನಿದೆ?

ಟಾರ್ಚಿನಲ್ಲಿ ನಾಲ್ಕು ಮುಖ್ಯ ಭಾಗಗಳಿವೆ: ವಿದ್ಯುತ್ ಕೊಡುವ ಸೆಲ್, ಗುಂಡಿ (ಸ್ವಿಚ್), ಬೆಳಕು ಕೊಡುವ ಬಲ್ಬ್ ಅಥವಾ ಎಲ್‌ಇಡಿ, ಮತ್ತು ಅದರ ಹಿಂದಿರುವ ಬಟ್ಟಲಿನಂಥ ಹೊಳೆಯುವ ಕನ್ನಡಿ.

1899ರಲ್ಲಿ ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬುವರು ಕೈಯಲ್ಲಿ ಹಿಡಿಯುವ ಟಾರ್ಚಿಗೆ ಪೇಟೆಂಟ್ ಪಡೆದರು. ಆಗಿನ ಸೆಲ್‌ಗಳ ಶಕ್ತಿ ಕಡಿಮೆ. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಬೆಳಗಿಸಿ ಬಿಡಬೇಕಾಗಿತ್ತು. ಆದ್ದರಿಂದಲೇ ಅಮೆರಿಕದಲ್ಲಿ ಅದಕ್ಕೆ 'ಫ್ಲ್ಯಾಶ್‌ಲೈಟ್', ಅಂದರೆ ಮಿಂಚಿ ಆರುವ ದೀಪ ಎಂದು ಹೆಸರಾಯಿತು.

ಹಳೆಯ ಟಾರ್ಚಿನ ಬಲ್ಬಿನಲ್ಲಿ ಸಣ್ಣ ತಂತಿಯಿರುತ್ತದೆ. ಅದು ಕಾದು ಕೆಂಪಾಗಿ ಬೆಳಗುತ್ತದೆ. ಅದಕ್ಕೆ ಕೊಟ್ಟ ವಿದ್ಯುತ್ತಿನ 100 ಭಾಗದಲ್ಲಿ ಸುಮಾರು 5 ಭಾಗ ಮಾತ್ರ ಕಣ್ಣಿಗೆ ಕಾಣುವ ಬೆಳಕಾಗುತ್ತದೆ. ಉಳಿದದ್ದು ಶಾಖವಾಗಿ ಪೋಲಾಗುತ್ತದೆ. ಎಲ್‌ಇಡಿಯಲ್ಲಿ ಕಾಯುವ ತಂತಿ ಇಲ್ಲ. ಅಷ್ಟೇ ವಿದ್ಯುತ್ತಿನಿಂದ ಅದು ಹಲವು ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಪ್ರಖರವಾದ ನೀಲಿ ಎಲ್‌ಇಡಿಯನ್ನು ರೂಪಿಸಿದ್ದರಿಂದಲೇ ಬಿಳಿ ಬೆಳಕಿನ ಎಲ್‌ಇಡಿ ಸಾಧ್ಯವಾಯಿತು. ಆ ಕೆಲಸಕ್ಕಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಮುರ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿ ಬಂತು.

ಕನ್ನಡಿಯ ಕೆಲಸವೇನು? ನೀರಿನ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ದೂರ ಚಿಮ್ಮುತ್ತದೆ. ನೀರು ಹೆಚ್ಚಾಯಿತೇ? ಇಲ್ಲ. ಅದು ಹೊರಬರುವ ಬಾಯಿ ಕಿರಿದಾಗಿ ವೇಗ ಹೆಚ್ಚಿತು, ಅಷ್ಟೆ. ಟಾರ್ಚಿನ ನಿಮ್ನ ದರ್ಪಣವೂ ಬೆಳಕನ್ನು ಹೆಚ್ಚಿಸುವುದಿಲ್ಲ. ಬಲ್ಬನ್ನು ಅದರ ಸಂಗಮ ಬಿಂದುವಿನಲ್ಲಿ ಇಟ್ಟಾಗ, ಎಲ್ಲ ಕಡೆ ಹರಡಬೇಕಾದ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಆಳವಾದ ನುಣುಪು ಕನ್ನಡಿಯಿದ್ದರೆ ಬೆಳಕು ಕಿರಿದಾಗಿ ದೂರ ಹೋಗುತ್ತದೆ. ಕನ್ನಡಿ ಚಿಕ್ಕದಾಗಿದ್ದರೆ ಅಥವಾ ಇಲ್ಲದಿದ್ದರೆ ಬೆಳಕು ಹತ್ತಿರದಲ್ಲೇ ಅಗಲವಾಗಿ ಹರಡುತ್ತದೆ.

ಮಾಡಿ ನೋಡಿ – 1: ದೂರ ಮತ್ತು ಬೆಳಕು

ಬೇಕಾದವು: ಮೊಬೈಲಿನ ಟಾರ್ಚ್, ರಟ್ಟು, ಅಳತೆ ಪಟ್ಟಿ.

ರಟ್ಟಿನಲ್ಲಿ 5 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಚೌಕವನ್ನು ಕತ್ತರಿಸಿ. ಕೋಣೆ ಕತ್ತಲಾಗಿರಲಿ. ದೀಪದಿಂದ 50 ಸೆಂ.ಮೀ. ದೂರದಲ್ಲಿ ರಟ್ಟನ್ನು, 100 ಸೆಂ.ಮೀ. ದೂರದಲ್ಲಿ ಗೋಡೆಯನ್ನು ಇರುವಂತೆ ಮಾಡಿಕೊಳ್ಳಿ. ಗೋಡೆಯ ಮೇಲೆ ಬೀಳುವ ಬೆಳಕಿನ ಚೌಕವನ್ನು ಅಳೆಯಿರಿ.

ಅದರ ಬದಿ ಸುಮಾರು 10 ಸೆಂ.ಮೀ. ಇರುತ್ತದೆ. ಈಗ ಲೆಕ್ಕ ಹಾಕಿ. ರಟ್ಟಿನ ಕಿಂಡಿಯ ವಿಸ್ತೀರ್ಣ 5 × 5 = 25 ಚದರ ಸೆಂ.ಮೀ. ಗೋಡೆಯ ಚೌಕದ ವಿಸ್ತೀರ್ಣ 10 × 10 = 100 ಚದರ ಸೆಂ.ಮೀ. ದೂರ ಎರಡು ಪಟ್ಟಾದಾಗ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಯಿತು! ದೂರ ಮೂರು ಪಟ್ಟಾದರೆ? ಒಂಬತ್ತು ಪಟ್ಟು ಜಾಗಕ್ಕೆ.

ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕನ್ನು ಲೂಮೆನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಮೇಣದಬತ್ತಿಯ ಬೆಳಕು ಸುಮಾರು 12 ಲೂಮೆನ್. 100 ಲೂಮೆನ್ ಟಾರ್ಚಿನ ಬದಲು 400 ಲೂಮೆನ್ ಟಾರ್ಚ್ ತಂದಿರಿ ಎನ್ನಿ. ಎರಡರ ಕನ್ನಡಿಯೂ ಒಂದೇ ಬಗೆಯದು. ಬೆಳಕು ನಾಲ್ಕು ಪಟ್ಟಾದರೂ, ನಿಮಗೆ ಕಾಣುವ ದೂರ ಹೆಚ್ಚೆಂದರೆ ಎರಡು ಪಟ್ಟಾಗುತ್ತದೆ. ಆದರೆ ಸೆಲ್ ಮಾತ್ರ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಗ ಖಾಲಿಯಾಗುತ್ತದೆ.

ಎಷ್ಟು ಹೊತ್ತು ಉರಿಯುತ್ತದೆ?

ಚಾರ್ಜ್ ಮಾಡುವ ಬ್ಯಾಟರಿಯ ಮೇಲೆ '1200 ಎಂಎಎಚ್' ಎಂದು ಬರೆದಿದೆ ಎನ್ನಿ. ಅಂದರೆ 1200 ಮಿಲಿಆಂಪಿಯರ್ ವಿದ್ಯುತ್ತನ್ನು ಅದು ಒಂದು ಗಂಟೆ ಕೊಡಬಲ್ಲದು. ಟಾರ್ಚ್ 100 ಮಿಲಿಆಂಪಿಯರ್ ಎಳೆದರೆ 1200 ÷ 100 = 12 ಗಂಟೆ ಉರಿಯುತ್ತದೆ. 400 ಎಳೆದರೆ 1200 ÷ 400 = 3 ಗಂಟೆ ಮಾತ್ರ. ನಿಜವಾಗಿ ಇದಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಮಳೆ ಬಿದ್ದು ಕಂಬ ಉರುಳಿದ ರಾತ್ರಿ ನಿಮಗೆ ಯಾವುದು ಬೇಕು?

ಅಂಗಳದಲ್ಲಿ ನಡೆಯಲು ನಾಲ್ಕೈದು ಹೆಜ್ಜೆ ಮುಂದೆ ಚೆನ್ನಾಗಿ ಕಂಡರೆ ಸಾಕು. ಅದಕ್ಕೆ 50ರಿಂದ 100 ಲೂಮೆನ್ ಧಾರಾಳ. ಹೊಲದ ಆಚೆ ಬದಿಯಲ್ಲಿ ಏನು ಅಲುಗಾಡಿತು ಎಂದು ನೋಡಲು ದೂರ ಹೋಗುವ ಕಿರಿದಾದ ಬೆಳಕು ಬೇಕು. ಆದ್ದರಿಂದ ಕಡಿಮೆ, ಹೆಚ್ಚು ಎಂದು ಎರಡು ಹಂತಗಳಿರುವ ಟಾರ್ಚ್ ಉಪಯುಕ್ತ.

ಕಣ್ಣಿಗೂ ಸಮಯ ಬೇಕು

ಕನ್ನಡಿಯ ಮುಂದೆ ನಿಂತು ಎರಡೂ ಕಣ್ಣುಗಳನ್ನು ಒಂದು ನಿಮಿಷ ಕೈಯಿಂದ ಮುಚ್ಚಿ, ಥಟ್ಟನೆ ತೆರೆದು ನೋಡಿ. ಕಣ್ಣಿನ ಪಾಪೆ ಚಿಕ್ಕದಾಗುವುದು ಕಾಣುತ್ತದೆ. ಬೆಳಕಿನಲ್ಲಿ ಸುಮಾರು 2 ಮಿ.ಮೀ. ಅಗಲವಿರುವ ಪಾಪೆ ಕತ್ತಲಲ್ಲಿ 8 ಮಿ.ಮೀ.ವರೆಗೂ ಹಿಗ್ಗಬಲ್ಲದು. ಆದರೆ ಕಣ್ಣಿನ ಒಳಗಿನ ಕೋಶಗಳು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಬಿಳಿ ಗೋಡೆಯ ಮೇಲೆ ಪ್ರಖರ ಬೆಳಕು ಬಿಟ್ಟುಕೊಂಡರೆ ಆ ಹೊಂದಾಣಿಕೆ ಕ್ಷಣದಲ್ಲಿ ಹೋಗುತ್ತದೆ. ಆಮೇಲೆ ಬೆಳಕಿನ ಆಚೆ ಇರುವುದೆಲ್ಲ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಮನೆಯೊಳಗೆ ಮಂದ ಬೆಳಕೇ ಒಳ್ಳೆಯದು ಎನ್ನುವುದು ಇದಕ್ಕೇ.

ಮಾಡಿ ನೋಡಿ – 2: ಟಾರ್ಚನ್ನು ಎಲ್ಲಿ ಹಿಡಿಯಬೇಕು?

ಕತ್ತಲ ಕೋಣೆಯ ನೆಲದ ಮೇಲೆ ಒಂದು ತುಂಡು ಹಗ್ಗ ಹಾಕಿ. ನೆಲದ ಬಣ್ಣಕ್ಕೆ ಹತ್ತಿರವಾದ ಬಣ್ಣದ ಹಗ್ಗವಾದರೆ ಉತ್ತಮ. ನಾಲ್ಕು ಹೆಜ್ಜೆ ದೂರ ನಿಲ್ಲಿ. ಮೊದಲು ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ನೋಡಿ. ಆಮೇಲೆ ಕೈ ಇಳಿಬಿಟ್ಟು ಮೊಣಕಾಲಿನ ಹತ್ತಿರ ಹಿಡಿದು ನೋಡಿ.

ಎರಡನೆಯ ಸಲ ಹಗ್ಗ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಕಾರಣ ನೆರಳು! ಬೆಳಕು ಕಣ್ಣಿನ ಪಕ್ಕದಿಂದಲೇ ಹೋದರೆ ವಸ್ತುವಿನ ನೆರಳು ಅದರ ಹಿಂದೆ ಅಡಗಿಬಿಡುತ್ತದೆ. ಬೆಳಕು ಕೆಳಗಿನಿಂದ ಓರೆಯಾಗಿ ಬಿದ್ದರೆ ನೆರಳು ಉದ್ದವಾಗಿ ಬೀಳುತ್ತದೆ, ಮೇಲಿರುವ ಕಣ್ಣಿಗೆ ಅದು ಕಾಣುತ್ತದೆ. ಸಂಜೆಯ ಹೊತ್ತಿಗೆ ನಮ್ಮ ನೆರಳು ಉದ್ದವಾಗುವುದೂ ಹೀಗೆಯೇ. ಸಾವಿರ ರೂಪಾಯಿಯ ಟಾರ್ಚ್ ಕೊಡದ ಲಾಭವನ್ನು ಹಿಡಿಯುವ ರೀತಿ ಕೊಡುತ್ತದೆ.

ನಾಯಿ ಬೊಗಳಿದರೆ?

ರಾತ್ರಿ ಹೊರಗೆ ಸದ್ದಾಯಿತು, ನಾಯಿ ಬೊಗಳಿತು. ಕಳ್ಳರಿರಬಹುದೆಂದು ಭಯವಾಗುತ್ತದೆ. ಕಣ್ಣು ಕೋರೈಸುವ ಟಾರ್ಚ್ ಇದ್ದರೆ ಮನೆ ಕಾಯಬಹುದು ಎಂದು ಕೆಲವರು ಹೇಳುತ್ತಾರೆ. ಆದರೆ ಯೋಚಿಸಿ: ಕತ್ತಲಲ್ಲಿ ಟಾರ್ಚ್ ಹಚ್ಚಿದವರು ಎಲ್ಲಿ ನಿಂತಿದ್ದಾರೆ ಎನ್ನುವುದು ಎದುರಿನವರಿಗೂ ಗೊತ್ತಾಗುತ್ತದೆ. ಮನೆಯನ್ನು ಕಾಯುವುದು ಗಟ್ಟಿಯಾದ ಬಾಗಿಲು, ಚಿಲಕ ಮತ್ತು ನೆರೆಹೊರೆಯವರು. ಟಾರ್ಚಿನ ಕೆಲಸ ಏನಿದೆ ಎಂದು ತೋರಿಸುವುದು. ನೀವು ಒಬ್ಬರೇ ಹೊರಗೆ ಹೋಗಬೇಡಿ. ಬಾಗಿಲು ತೆರೆಯದೆ ದೊಡ್ಡವರನ್ನು ಎಬ್ಬಿಸಿ. ಅವರು ಕಿಟಕಿಯಿಂದ ಬೆಳಕು ಬಿಟ್ಟು ನೋಡಲಿ. ಅಪಾಯವೆನಿಸಿದರೆ 112ಕ್ಕೆ ಕರೆ ಮಾಡಲಿ.

ಮೊಬೈಲಿನಲ್ಲೇ ಟಾರ್ಚ್ ಇದೆಯಲ್ಲ ಎನ್ನುತ್ತೀರಾ? ಅದರ ಬೆಳಕು ಅಗಲವಾಗಿ ಹರಡುತ್ತದೆ, ದೂರ ಹೋಗದು. ಅಲ್ಲದೆ ಅದರ ಬ್ಯಾಟರಿ ಮುಗಿದರೆ 112ಕ್ಕಾಗಲಿ, 108 ಆಂಬುಲೆನ್ಸಿಗಾಗಲಿ ಕರೆ ಮಾಡುವುದು ಹೇಗೆ?

ಅಂಗಡಿಯಲ್ಲಿ ಪರೀಕ್ಷಿಸಿ

1. ಕಣ್ಣು ಮುಚ್ಚಿ ಟಾರ್ಚನ್ನು ಕೈಗೆತ್ತಿಕೊಳ್ಳಿ. ಗುಂಡಿ ತಕ್ಷಣ ಬೆರಳಿಗೆ ಸಿಗಬೇಕು. ಅಜ್ಜಿಯ ಕೈಗೂ ಭಾರವಾಗಬಾರದು.

2. ಗೋಡೆಯ ಮೇಲೆ ಬೆಳಕು ಬಿಡಿ. ನಡುವೆ ಪ್ರಖರವಾದ ಚುಕ್ಕೆ, ಸುತ್ತಲೂ ಮಂದವಾದ ಅಗಲ ಬೆಳಕು ಇದ್ದರೆ ಅಂಗಳಕ್ಕೂ ದಾರಿಗೂ ಆಗುತ್ತದೆ.

3. ಸೆಲ್ ಯಾವುದು? ನಿಮ್ಮ ಊರಿನ ಅಂಗಡಿಯಲ್ಲಿ ಸಿಗುವ ಸೆಲ್ ಹಾಕುವಂತಿರಲಿ. ಚಾರ್ಜ್ ಮಾಡುವಂಥದ್ದಾದರೆ ಎಷ್ಟು ಗಂಟೆ ಉರಿಯುತ್ತದೆ ಎಂದು ಓದಿ ನೋಡಿ.

4. ಮುಚ್ಚಳದ ತಿರುಪಿನಲ್ಲಿ ರಬ್ಬರ್ ಉಂಗುರ ಇದೆಯೇ? ಅದು ಮಳೆನೀರನ್ನು ತಡೆಯುತ್ತದೆ. ಡಬ್ಬದ ಮೇಲೆ 'ಐಪಿಎಕ್ಸ್4' ಎಂದಿದ್ದರೆ, ಎಲ್ಲ ದಿಕ್ಕಿನಿಂದ ನೀರು ಸಿಡಿದರೂ ತಡೆದುಕೊಳ್ಳುತ್ತದೆ ಎಂದು ಅರ್ಥ.

ಸಾಧ್ಯವಾದರೆ ಮನೆಯಲ್ಲಿ ಎರಡು ಬಗೆ ಇರಲಿ. ದಿನದ ಬಳಕೆಗೆ ಚಾರ್ಜ್ ಮಾಡುವ ಟಾರ್ಚ್. ಎರಡು ದಿನ ಕರೆಂಟು ಬಾರದಿದ್ದರೆ ಅದನ್ನು ಚಾರ್ಜ್ ಮಾಡಲಾಗದು. ಆಗ ಸೆಲ್ ಹಾಕುವ ಚಿಕ್ಕ ಟಾರ್ಚ್ ನೆರವಿಗೆ ಬರುತ್ತದೆ.

ಸೆಲ್‌ಗಳ ಬಗ್ಗೆ ಎಚ್ಚರ

ಸಾಮಾನ್ಯ ಶುಷ್ಕಕೋಶದ ಹೊರ ಡಬ್ಬಿ ಸತುವಿನದು. ವಿದ್ಯುತ್ ಕೊಡುತ್ತಾ ಸತುವೇ ಕರಗುತ್ತದೆ. ಸವೆದ ಡಬ್ಬಿ ತೂತಾದಾಗ ಒಳಗಿನ ರಾಸಾಯನಿಕ ಸೋರಿ ಟಾರ್ಚನ್ನು ಹಾಳುಮಾಡುತ್ತದೆ. ಬಳಸದ ಟಾರ್ಚಿನಿಂದ ಸೆಲ್ ತೆಗೆದು ಪಕ್ಕದಲ್ಲೇ ಇಡಿ. ಹಳೆಯ ಮತ್ತು ಹೊಸ ಸೆಲ್‌ಗಳನ್ನು ಒಟ್ಟಿಗೆ ಹಾಕಬೇಡಿ. ಯಾವ ಸೆಲ್ಲನ್ನೂ ಬೆಂಕಿಗೆ ಎಸೆಯಬೇಡಿ. ಊದಿಕೊಂಡ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ಚಾರ್ಜ್ ಮಾಡುವ ಟಾರ್ಚನ್ನು ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಯಾರ ಕಣ್ಣಿಗೂ ನೇರವಾಗಿ ಬೆಳಕು ಬಿಡಬೇಡಿ.

ಹಾವು ಕಂಡರೆ, ಹಾವು ಕಡಿದರೆ

ಹಾವು ಕಂಡರೆ ಬೆಳಕನ್ನು ಅದರ ಮೇಲೇ ಇಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಹೊಡೆಯಲು, ಹಿಡಿಯಲು ಹೋಗಬೇಡಿ. ಯಾರಿಗಾದರೂ ಕಡಿದರೆ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಡಿತಕ್ಕೊಳಗಾದವರು ಕೈಕಾಲು ಅಲುಗಾಡಿಸದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಹಾವಿನ ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದು ಮಾತ್ರ.

ಕೊನೆಯ ಮಾತು: ಎಷ್ಟೇ ಒಳ್ಳೆಯ ಟಾರ್ಚ್ ಆದರೂ ಕತ್ತಲಲ್ಲಿ ಹುಡುಕುವಂತಾದರೆ ಪ್ರಯೋಜನವಿಲ್ಲ. ಬಾಗಿಲ ಪಕ್ಕ ಒಂದು ಮೊಳೆ ಹೊಡೆಸಿ, ಟಾರ್ಚನ್ನು ಯಾವಾಗಲೂ ಅಲ್ಲೇ ತೂಗುಹಾಕಿ. ಬಳಸಿದವರು ಮತ್ತೆ ಅಲ್ಲಿಗೇ ತರಲಿ. ಆಗ ಕರೆಂಟು ಹೋದ ರಾತ್ರಿ ನಿಮ್ಮ ಕೈ ನೇರವಾಗಿ ಅಲ್ಲಿಗೆ ಹೋಗುತ್ತದೆ. ದಾರಿಯಲ್ಲಿರುವುದು ಹಗ್ಗವೋ ಹಾವೋ ಎನ್ನುವುದು ಕಾಲಿಗಿಂತ ಮೊದಲು ಕಣ್ಣಿಗೆ ತಿಳಿಯುತ್ತದೆ.

ಯೋಚಿಸಿ, ಉತ್ತರಿಸಿ

1. ದೀಪದಿಂದ ನಾಲ್ಕು ಪಟ್ಟು ದೂರದಲ್ಲಿ ಬೆಳಕು ಎಷ್ಟು ಪಟ್ಟು ಜಾಗಕ್ಕೆ ಹರಡುತ್ತದೆ?

2. 2000 ಎಂಎಎಚ್ ಬ್ಯಾಟರಿಯಿಂದ 250 ಮಿಲಿಆಂಪಿಯರ್ ಎಳೆಯುವ ಟಾರ್ಚ್ ಎಷ್ಟು ಗಂಟೆ ಉರಿಯಬಹುದು?

3. ಕಣ್ಣಿನ ಪಾಪೆಯ ಅಗಲ 2 ಮಿ.ಮೀ.ನಿಂದ 8 ಮಿ.ಮೀ.ಗೆ ಹಿಗ್ಗಿದರೆ ಅದರ ವಿಸ್ತೀರ್ಣ ಎಷ್ಟು ಪಟ್ಟಾಗುತ್ತದೆ?

4. ನಿಮ್ಮ ಮನೆಯ ಮತ್ತು ನೆರೆಮನೆಗಳ ಮೂರು ಟಾರ್ಚುಗಳನ್ನು ಹೋಲಿಸಿ. ಬೆಳಕಿನ ಅಗಲ, ಸೆಲ್‌ನ ಬಗೆ, ತೂಕ, ಇಡುವ ಜಾಗ, ಇವುಗಳನ್ನು ಪಟ್ಟಿಮಾಡಿ. ರಾತ್ರಿ ಬಚ್ಚಲಿಗೆ ಹೋಗಲು ಯಾವುದು ಸೂಕ್ತ? ಕಾರಣದೊಂದಿಗೆ ತರಗತಿಯಲ್ಲಿ ಹೇಳಿ.