ನಡಿಗೆ ಮರೆತ ನಗರ, ನಲುಗುವ ಕಾಯ

ಶರಣ ಪರಂಪರೆಯಲ್ಲಿ ಶರೀರಕ್ಕೆ ದೇಗುಲದ ಗೌರವವಿದೆ. ಕಾಯವು ಗಟ್ಟಿಯಾಗಿದ್ದರೆ ಕಾಯಕ, ಕಾಯಕವು ಶುದ್ಧವಾಗಿದ್ದರೆ ದಾಸೋಹ. ಆದ್ದರಿಂದ ಆರೋಗ್ಯರಕ್ಷಣೆಯೂ ಸದ್ಭಕ್ತರ ಆಚಾರದ ಒಂದು ಅಂಗವೇ ಆಗಿದೆ. ಜಂಗಮವೆಂದರೆ ಚಲಿಸುವುದು ಎಂಬ ಅರ್ಥವುಂಟು. ಊರೂರು ನಡೆದು ತತ್ತ್ವಬೋಧೆ ಮಾಡಿದ ಜಂಗಮರ ಈ ನಾಡಿನಲ್ಲಿ, ಇಂದು ಓಣಿಯ ಕೊನೆಯ ಅಂಗಡಿಗೆ ಹೋಗುವುದಕ್ಕೂ ವಾಹನ ಬೇಕೆನಿಸುತ್ತಿದೆ. ವಾಹನವೇನೋ ಚಲಿಸುತ್ತದೆ, ಅದರೊಳಗಿನ ದೇಹವು ಮಾತ್ರ ಕುಳಿತಲ್ಲಿಯೇ ಇರುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡವನ್ನೇ ನೋಡೋಣ. 1962ರಲ್ಲಿ ಒಂದೇ ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಬಂದ ಈ ಅವಳಿ ನಗರದ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 9.4 ಲಕ್ಷ. ನಡುವಿನ ಅಂತರ ಸುಮಾರು 20 ಕಿಲೋಮೀಟರು. ವಿಶ್ವವಿದ್ಯಾಲಯ, ಉಚ್ಚ ನ್ಯಾಯಾಲಯದ ಪೀಠ ಮತ್ತು ಜಿಲ್ಲಾಡಳಿತದ ಕಚೇರಿಗಳು ಧಾರವಾಡದಲ್ಲಿವೆ. ದೊಡ್ಡ ಮಾರುಕಟ್ಟೆ, ಕಿಮ್ಸ್ ಆಸ್ಪತ್ರೆ ಮತ್ತು ರೈಲ್ವೆ ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿವೆ. ಹೀಗಾಗಿ ನಿತ್ಯ ಓಡಾಟವು ಅನಿವಾರ್ಯ. ಇತ್ತೀಚಿನ ಬಡಾವಣೆಗಳು ಪೇಟೆಯಿಂದ ದೂರವಾಗಿ ಬೆಳೆದಂತೆ ಕಾರು ಮತ್ತು ಬೈಕುಗಳ ಮೇಲಿನ ಅವಲಂಬನೆಯೂ ಬೆಳೆದಿದೆ.

ಇದರ ಮೊದಲ ಪರಿಣಾಮವು ನಮ್ಮ ದೇಹದ ಮೇಲೆಯೇ ಆಗುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ಚುರುಕಾಗಿ ನಡೆಯುವವರಿಗೆ ಇದರ ಬಹುಭಾಗವು ತಾನಾಗಿಯೇ ಒದಗುತ್ತದೆ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಶಕ್ತಿಯಾಗಿ ಬಳಸುತ್ತವೆ. ಹೃದಯದ ಬಲ ಹೆಚ್ಚುತ್ತದೆ. ರಕ್ತದೊತ್ತಡವು ಹತೋಟಿಗೆ ಬರುತ್ತದೆ. ದಿನವಿಡೀ ಕುಳಿತಿರುವ ದೇಹಕ್ಕೆ ಈ ಲಾಭವಿಲ್ಲ. ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವು ಅಂದಾಜಿಸಿದೆ. ಆಹಾರ ಮತ್ತು ವಂಶವಾಹಿಗಳ ಜೊತೆಗೆ ದೈಹಿಕ ಶ್ರಮದ ಕೊರತೆಯೂ ಇದಕ್ಕೆ ಒಂದು ಮುಖ್ಯ ಕಾರಣ.

ಎರಡನೆಯದು ಉಸಿರಾಡುವ ಗಾಳಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ಸುಧಾರಿಸಬೇಕಾದ ಕರ್ನಾಟಕದ ನಾಲ್ಕು ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ವಾಹನದ ಹೊಗೆಯಷ್ಟೇ ಅಲ್ಲ, ಚಕ್ರಗಳು ಎಬ್ಬಿಸುವ ರಸ್ತೆಯ ಧೂಳೂ ಇಲ್ಲಿ ಕಾರಣ. ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರುತ್ತವೆ. ಉಬ್ಬಸ, ಹೃದ್ರೋಗ, ಪಾರ್ಶ್ವವಾಯುಗಳಿಗೆ ದಾರಿಯಾಗುತ್ತವೆ. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿನಲ್ಲಿ ಒಬ್ಬರೇ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬಂದರೆ ಸುಮಾರು 6 ಕಿಲೋದಷ್ಟು ಅನಿಲವು ವಾತಾವರಣ ಸೇರಿದಂತಾಯಿತು.

ಮೂರನೆಯದು ಸಾಮಾಜಿಕ ಅನ್ಯಾಯ. ಕಾರಿನ ಸುಖ ಒಬ್ಬರಿಗೆ. ಅದರ ಹೊಗೆ ಮಾತ್ರ ಬೀದಿಬದಿಯಲ್ಲಿ ಕಾಯಿಪಲ್ಯ ಮಾರುವ ತಾಯಂದಿರಿಗೆ, ವೃತ್ತದಲ್ಲಿ ನಿಂತ ಪೊಲೀಸರಿಗೆ, ನಡೆದು ಶಾಲೆಗೆ ಹೋಗುವ ಮಕ್ಕಳಿಗೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸುಮಾರು 1.68 ಲಕ್ಷ ಜನರು ಮೃತರಾದರು; ಅವರಲ್ಲಿ ಹೆಚ್ಚಿನವರು ದ್ವಿಚಕ್ರ ಸವಾರರು ಮತ್ತು ಪಾದಚಾರಿಗಳು. ಅಪಘಾತದ ಭಯದಿಂದ ಪಾಲಕರು ಮಕ್ಕಳನ್ನು ವಾಹನದಲ್ಲಿ ಬಿಡುತ್ತಾರೆ. ಶಾಲೆಯ ಮುಂದೆ ವಾಹನಗಳು ಹೆಚ್ಚಿ ನಡೆಯುವ ಮಕ್ಕಳಿಗೆ ಅಪಾಯವೂ ಹೆಚ್ಚುತ್ತದೆ. ರಸ್ತೆ ದಾಟಲು ಅಂಜಿ ಮನೆಯಲ್ಲಿಯೇ ಉಳಿಯುವ ಹಿರಿಯರಿಗೆ ಒಂಟಿತನವೇ ಇನ್ನೊಂದು ವ್ಯಾಧಿಯಾಗುತ್ತದೆ.

ಪರಿಹಾರದ ಒಂದು ಸಾಧನವು ನಮ್ಮ ಮುಂದೆಯೇ ಇದೆ. 2018ರಲ್ಲಿ ಸಂಚಾರ ಆರಂಭಿಸಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆಯ ‘ಚಿಗರಿ’ ಬಸ್ಸುಗಳು ಅವಳಿ ನಗರಗಳನ್ನು ಜೋಡಿಸಿವೆ. ಒಂದು ಬಸ್ಸಿನಲ್ಲಿ 60 ಜನರು ಸಾಗಿದರೆ, ಕಾರಿಗೆ ಇಬ್ಬರಂತೆ ಹಿಡಿದರೂ 30 ಕಾರುಗಳು ರಸ್ತೆಯಿಂದ ದೂರ ಉಳಿಯುತ್ತವೆ. ಈ ಪಥಕ್ಕಾಗಿ ರಸ್ತೆ ಅಗಲಿಸುವಾಗ ನೆರಳು ನೀಡುತ್ತಿದ್ದ ಎಷ್ಟೋ ಮರಗಳನ್ನು ಕಳೆದುಕೊಂಡೆವು. ಬಸ್ಸನ್ನು ಬಿಟ್ಟು ಎಲ್ಲರೂ ಕಾರಿನಲ್ಲಿಯೇ ಸಾಗಿದರೆ ಆ ಮರಗಳ ಬಲಿಯೂ ವ್ಯರ್ಥವಾದಂತೆಯೇ ಸರಿ. ಆದರೆ ಬಸ್ಸು ಒಂದೇ ಸಾಲದು. ನಿಲ್ದಾಣದವರೆಗೆ ನಡೆಯಲು ಕಾಲುದಾರಿ, ನಿರ್ಭಯವಾಗಿ ರಸ್ತೆ ದಾಟುವ ವ್ಯವಸ್ಥೆ, ಮತ್ತೆ ನೆಟ್ಟ ಮರಗಳ ನೆರಳು ಇವೆಲ್ಲವೂ ಬೇಕು. ಇವುಗಳನ್ನು ಪಾಲಿಕೆಯಿಂದ ಕೇಳಿ ಪಡೆಯುವುದು ನಾಗರಿಕರ ಕರ್ತವ್ಯ.

ಕಾರು ತ್ಯಾಜ್ಯವೆಂದು ಇದರ ಅರ್ಥವಲ್ಲ. ರೋಗಿಗಳಿಗೆ, ಗರ್ಭಿಣಿಯರಿಗೆ, ಅಶಕ್ತರಿಗೆ, ಅಪರಾತ್ರಿಯ ಪಯಣಕ್ಕೆ ಅದು ಉಪಕಾರಿ. ಬಳಕೆ ಬೇರೆ, ದಾಸ್ಯ ಬೇರೆ. ಸದ್ಭಕ್ತರು ಈ ಕೆಲವು ನಿಯಮಗಳನ್ನು ಪಾಲಿಸಬಹುದು:

1. ಒಂದು ಕಿಲೋಮೀಟರಿನೊಳಗಿನ ಕೆಲಸಗಳಿಗೆ ನಡೆದೇ ಹೋಗುವುದು. ಅದಕ್ಕಿಂತ ತುಸು ದೂರಕ್ಕೆ ಸೈಕಲ್ಲು.
2. ಹುಬ್ಬಳ್ಳಿ-ಧಾರವಾಡದ ಪಯಣಕ್ಕೆ ವಾರದಲ್ಲಿ ಎರಡು ದಿನವಾದರೂ ಬಸ್ಸು ಅಥವಾ ರೈಲು.
3. ಶ್ರಾವಣದ ಪ್ರವಚನಕ್ಕೆ, ಅಮಾವಾಸ್ಯೆಯ ದರ್ಶನಕ್ಕೆ ಬರುವಾಗ ಒಂದೇ ಓಣಿಯವರು ಕೂಡಿ ಒಂದೇ ವಾಹನದಲ್ಲಿ ಬರುವುದು.
4. ನಿಂತ ವಾಹನದ ಎಂಜಿನ್ನನ್ನು ಆರಿಸುವುದು.
5. ಹೃದ್ರೋಗ, ಮೊಣಕಾಲು ನೋವು ಇರುವವರು ವೈದ್ಯರನ್ನು ಕೇಳಿ ನಡಿಗೆಯ ಪ್ರಮಾಣವನ್ನು ನಿಶ್ಚಯಿಸಿಕೊಳ್ಳುವುದು.

ಚನ್ನಬಸವಣ್ಣನವರ ಉಳವಿಗೆ ಇಂದಿಗೂ ಈ ಭಾಗದ ರೈತರು ಚಕ್ಕಡಿ ಹೂಡಿಕೊಂಡು ಹೋಗುತ್ತಾರೆ. ಪಾದಯಾತ್ರೆಯ ಸಂಕಲ್ಪ ಮಾಡುವವರೂ ಉಂಟು. ವರ್ಷಕ್ಕೊಮ್ಮೆ ಕ್ಷೇತ್ರಕ್ಕೆ ನಡೆಯುವ ಆ ಶ್ರದ್ಧೆಯನ್ನು ದಿನಕ್ಕೆ ಅರ್ಧ ತಾಸಿನ ನಡಿಗೆಯಲ್ಲಿಯೂ ಇರಿಸಿಕೊಂಡರೆ, ನಮ್ಮ ಕಾಯವೂ ನೆರೆಯವರ ಉಸಿರೂ ಹಗುರವಾದೀತು.